ಸೆಬೆಂಝಾ ತಗೊಳ್ಳೋದಾ, ಸುಮ್ಮನಿರೋದಾ

ಜೇಬಲ್ಲಿ ದಿನಾ ಇಟ್ಕೊಂಡು ಓಡಾಡೋ ಒಂದು ಮಡಚೋ ಚಾಕುಗೆ ಎಷ್ಟು ದುಡ್ಡು ಹಾಕಬಹುದು ಅನ್ನೋ ಲೆಕ್ಕ ಸುಮಾರು ದಿನದಿಂದ ತಲೆ ತಿಂತಾ ಇದೆ. ಕಣ್ಣು ಬಿದ್ದಿರೋದು ಕ್ರಿಸ್ ರೀವ್ ಅನ್ನೋರ ಕಂಪನಿಯ ಸೆಬೆಂಝಾ ಮೇಲೆ. ಗೊತ್ತಿಲ್ಲದೋರಿಗೆ ಹೇಳ್ತೀನಿ, ಅಮೆರಿಕದ ಐಡಾಹೋದಲ್ಲಿ ತಯಾರಾಗೋ ಚಾಕು, ಟೈಟಾನಿಯಂ ಹಿಡಿ, ನೋಡೋಕೆ ಅಂಥಾ ಶೋಕಿ ಏನೂ ಇಲ್ಲ, ಬೂದು ಬಣ್ಣದ ಎರಡು ಪಟ್ಟಿ ಮಧ್ಯೆ ಒಂದು ಬ್ಲೇಡು ಅಷ್ಟೇ. ಬೆಲೆ ಕೇಳಿ ನಮ್ಮಕ್ಕ "ಇದ್ರಲ್ಲಿ ಏನ್ ಕುಯ್ತೀಯೋ ಅಂಥದ್ದು" ಅಂದ್ಲು. ರಟ್ಟಿನ ಡಬ್ಬ ಅಂದೆ. ಇನ್ನೇನು ಹೇಳ್ಲಿ, ನಾನು ಕುಯ್ಯೋದೇ ರಟ್ಟು, ಟೇಪು, ಪ್ಲಾಸ್ಟಿಕ್ ಪಟ್ಟಿ, ಹಗ್ಗ, ಯಾವಾಗ್ಲಾದ್ರೂ ಒಂದು ಸೇಬು.

ಇಲ್ಲಿ ಒಂದು ವಿಷ್ಯ ಮೊದ್ಲೇ ಒಪ್ಕೊಂಡುಬಿಡೋಣ, ದುಡ್ಡು ಜಾಸ್ತಿ ಕೊಟ್ಟ ತಕ್ಷಣ ಚಾಕು ಚೆನ್ನಾಗಿ ಕುಯ್ಯುತ್ತೆ ಅಂತೇನಿಲ್ಲ. ಕುಯ್ಯೋದು ಬ್ಲೇಡಿನ ಆಕಾರ, ಬಾಯಿಯ, ಅಂದ್ರೆ ಹರಿತದ ಅಂಚಿನ, ಹಿಂದೆ ಲೋಹ ಎಷ್ಟು ತೆಳ್ಳಗಿದೆ ಅನ್ನೋದು. ಫ್ರಾನ್ಸಿನ ಒಪಿನೆಲ್ ಇದೆಯಲ್ಲ, 1890ರಿಂದ ಬರ್ತಾ ಇರೋದು, ಮರದ ಹಿಡಿ, ತೆಳ್ಳನೆ ಬ್ಲೇಡು, ಅದರಲ್ಲಿ ಸೇಬು ಹೋಳು ಮಾಡಿ ನೋಡಿ, ಅದರ ಎಷ್ಟೋ ಪಟ್ಟು ಬೆಲೆಯ ದಪ್ಪ ಬ್ಲೇಡಿನ "ಟ್ಯಾಕ್ಟಿಕಲ್" ಚಾಕುಗಳು ಸೇಬನ್ನ ಕುಯ್ಯಲ್ಲ, ಸೀಳಿಬಿಡ್ತವೆ.

ಹಾಗಾದ್ರೆ ಜಾಸ್ತಿ ದುಡ್ಡಿಗೆ ಸಿಗೋದೇನು? ಒಂದು ಸ್ಟೀಲು. 2001ರಲ್ಲಿ ಕ್ರೂಸಿಬಲ್ ಕಂಪನಿ ಎಸ್30ವಿ ಅಂತ ಚಾಕುಗಳಿಗೇ ಅಂತ ಒಂದು ಸ್ಟೀಲ್ ತಂತು, ಅದು ಬರೋದ್ರಲ್ಲಿ ಕ್ರಿಸ್ ರೀವ್ ಕೈಯೂ ಇತ್ತು, ಆಮೇಲೆ ಎಸ್35ವಿಎನ್, ಎಸ್45ವಿಎನ್, ಈಗ ಎಲ್ಲರ ಬಾಯಲ್ಲೂ ಮ್ಯಾಗ್ನಾಕಟ್. ಇದನ್ನ ರೂಪಿಸಿದ್ದು ಲೋಹಶಾಸ್ತ್ರಜ್ಞ ಲ್ಯಾರಿನ್ ಥಾಮಸ್, ಮಾರ್ಕೆಟ್ಟಿಗೆ ಬಂದಿದ್ದು 2021ರಲ್ಲಿ. ಇದರ ಜಾಣತನ ಇರೋದು ಕ್ರೋಮಿಯಂ ವಿಷ್ಯದಲ್ಲಿ. ಸಾಮಾನ್ಯ ಸ್ಟೇನ್‌ಲೆಸ್‌ನಲ್ಲಿ ಕ್ರೋಮಿಯಂ ಒಂದಷ್ಟು ಇಂಗಾಲದ ಜೊತೆ ಸೇರಿ ದೊಡ್ಡ ದೊಡ್ಡ ಕಾರ್ಬೈಡ್ ಕಣ ಆಗುತ್ತೆ, ಅದರಿಂದ ಬಾಯಿ ಚಕ್ಕೆ ಏಳೋ ಸಾಧ್ಯತೆ ಜಾಸ್ತಿ, ತುಕ್ಕು ತಡೆಯೋಕೆ ಉಳಿಯೋ ಕ್ರೋಮಿಯಮ್ಮೂ ಕಮ್ಮಿ. ಮ್ಯಾಗ್ನಾಕಟ್‌ನಲ್ಲಿ ಆ ಕ್ರೋಮಿಯಂ ಕಾರ್ಬೈಡೇ ಉಳಿಯದ ಹಾಗೆ ಅಳತೆ ಇಟ್ಟಿದ್ದಾರೆ, ಗಟ್ಟಿ ಕಣ ಅಂದ್ರೆ ವೆನೇಡಿಯಂ, ನಿಯೋಬಿಯಂದು ಮಾತ್ರ, ಅದೂ ಸಣ್ಣ ಸಣ್ಣದು. ಅದಕ್ಕೇ ಬಾಯಿ ಬೇಗ ಮುರಿಯಲ್ಲ, ತುಕ್ಕೂ ಅಷ್ಟು ಸುಲಭಕ್ಕೆ ಹಿಡಿಯಲ್ಲ.

ರಟ್ಟು ಕುಯ್ಯೋರಿಗೆ ಇದು ಮುಖ್ಯಾನೇ, ಯಾಕಂದ್ರೆ ರಟ್ಟು ನೋಡೋಕೆ ಸಾಧು ಆದ್ರೂ ಸವೆತ ಬಹಳ. ಆದ್ರೆ ವೆನೇಡಿಯಂ ಕಾರ್ಬೈಡ್ ಮಾಮೂಲಿ ಅಲ್ಯೂಮಿನಿಯಂ ಆಕ್ಸೈಡ್ ಸಾಣೆಕಲ್ಲಿಗಿಂತ ಗಟ್ಟಿ. ಅಂದ್ರೆ ಸಾಣೆ ಹಿಡಿಯೋಕೆ ಡೈಮಂಡ್ ಪ್ಲೇಟ್ ಇದ್ರೇನೇ ಒಳ್ಳೇದು, ಆ ಖರ್ಚನ್ನೂ ಚಾಕು ಲೆಕ್ಕಕ್ಕೇ ಹಾಕ್ಬೇಕು. ಹಳೇ ಸ್ವಿಸ್ ಚಾಕು ವಿಕ್ಟೋರಿನಾಕ್ಸ್‌ನ ಸ್ಟೀಲು ಬೇಗ ಮೊಂಡಾಗುತ್ತೆ ನಿಜ, ಆದ್ರೆ ಯಾವ ಕಲ್ಲಿಗಾದ್ರೂ ನಾಲ್ಕು ಸಲ ಉಜ್ಜಿದ್ರೆ ಮತ್ತೆ ಹರಿತ. ಸಾಣೆ ಹಿಡಿಯೋಕೆ ಬರದೇ ಇರೋರು ಮ್ಯಾಗ್ನಾಕಟ್ ಥರದ ಸೂಪರ್ ಸ್ಟೀಲ್ ತಗೊಂಡು ಮೊಂಡಾದ ಮೇಲೆ ಡ್ರಾಯರ್‌ಗೆ ಹಾಕಿಡೋದು ಬೇಕಾದಷ್ಟು ನೋಡಿದೀನಿ.

ಸ್ಟೀಲಿಗಿಂತ ನನ್ನನ್ನ ಜಾಸ್ತಿ ಸೆಳೆಯೋದು ಕೆಲಸದ ನಾಜೂಕು. ಬ್ಲೇಡು ಮುಚ್ಚಿದಾಗ ಎರಡೂ ಪಟ್ಟಿಗಳ ಸರಿ ಮಧ್ಯೆ ಕೂರೋದು, ಅತ್ತಿತ್ತ ಒಂಚೂರೂ ಅಲ್ಲಾಡದೇ ಇರೋದು. ಬ್ಲೇಡು ತಿರುಗೋ ಜಾಗದಲ್ಲಿ ಬೇರೆಯವರು ಬಾಲ್ ಬೇರಿಂಗ್ ಹಾಕಿ ಸರ್ರಂತ ತೆರೆಯೋ ಹಾಗೆ ಮಾಡಿದ್ರೆ ಕ್ರಿಸ್ ರೀವ್‌ನವರು ಇನ್ನೂ ಕಂಚಿನ ವಾಷರ್ ಮೇಲೇ ನಿಂತಿದ್ದಾರೆ, ನನಗೂ ಅದೇ ಇಷ್ಟ. ಬೇರಿಂಗ್ ಸಂದೀಲಿ ಜೇಬಿನ ಧೂಳು, ನೂಲು ಸೇರ್ಕೊಂಡ್ರೆ ಕಿರಿಕಿರಿ, ವಾಷರ್ ಆದ್ರೆ ಒರೆಸಿ ಗ್ರೀಸ್ ಹಚ್ಚಿ ಮತ್ತೆ ಜೋಡಿಸಿದ್ರೆ ಆಯ್ತು. ಬಿಚ್ಚಿ ಜೋಡಿಸೋದು ಮಾಲೀಕರೇ ಮಾಡ್ಲಿ ಅಂತಾನೇ ಮಾಡಿರೋ ಚಾಕು ಇದು. ಹತ್ತಿಪ್ಪತ್ತು ವರ್ಷ ಇಟ್ಕೊಳ್ಳೋ ವಸ್ತುವಿಗೆ ಇದು ದೊಡ್ಡ ಗುಣ ಅನ್ಸುತ್ತೆ ನನಗೆ.

ಇಷ್ಟೆಲ್ಲಾ ಹೇಳಿ ಈಗ ಅಸಲಿ ತಾಪತ್ರಯಕ್ಕೆ ಬರ್ತೀನಿ, ನಾನು ಎಡಚ. ಸೆಬೆಂಝಾದ್ದು ಫ್ರೇಮ್ ಲಾಕ್, ಅಂದ್ರೆ ಹಿಡಿಯ ಒಂದು ಪಟ್ಟೀನೇ ಒಳಕ್ಕೆ ಬಾಗಿ ಬ್ಲೇಡಿನ ಬುಡಕ್ಕೆ ಅಡ್ಡ ನಿಲ್ಲುತ್ತೆ, ಇವತ್ತು ಎಲ್ಲಾ ಕಡೆ ಕಾಣೋ ಈ ಲಾಕ್ ಶುರುವಾಗಿದ್ದೇ ಕ್ರಿಸ್ ರೀವ್‌ರಿಂದ. ಬಲಗೈ ಹೆಬ್ಬೆರಳಿಗೆ ಅದನ್ನ ತಳ್ಳೋದು ಸಲೀಸು, ಎಡಗೈಲಿ ಬೆರಳು ಸೊಟ್ಟ ಮಾಡ್ಕೊಂಡು ಬ್ಲೇಡಿನ ದಾರೀಲೇ ಇಟ್ಟು ತಳ್ಳಬೇಕು. ಎಡಗೈಯವರಿಗೆ ಅಂತಾನೇ ಬೇರೆ ಮಾಡ್ತಾರೆ, ಆದ್ರೆ ಬೇಕಾದಾಗ ಬೇಕಾದ್ದು ಸಿಗಲ್ಲ. ಬೆಂಚ್‌ಮೇಡ್ ಕಂಪನಿಯ ಬಗ್ಔಟ್ ಅನ್ನೋ ಮಡಚೋ ಚಾಕುಗೆ ಈ ಗೋಳೇ ಇಲ್ಲ, ಅದರ ಆಕ್ಸಿಸ್ ಅನ್ನೋ ಲಾಕ್ ಎರಡೂ ಕಡೆಯಿಂದ ಎಳೆಯಬಹುದು, ಜೇಬಿಗೆ ಸಿಕ್ಕಿಸೋ ಕ್ಲಿಪ್ಪೂ ಎರಡೂ ಕಡೆ ಹಾಕಬಹುದು, ತೂಕ 52 ಗ್ರಾಂ, ಜೇಬಲ್ಲಿ ಇದೆ ಅಂತಾನೇ ಗೊತ್ತಾಗಲ್ಲ. ಆದ್ರೆ ಕೂದಲೆಳೆ ಥರದ ಸ್ಪ್ರಿಂಗ್ ಮೇಲೆ ಆ ಲಾಕ್ ನಿಂತಿರೋದು, ಯಾವತ್ತಾದ್ರೂ ಮುರಿಯಬಹುದು, ಹಿಡೀನೂ ಒತ್ತಿದ್ರೆ ಸ್ವಲ್ಪ ಬಾಗುತ್ತೆ. ಕೈಗೆ ಸರಿಹೋಗೋದು ಬಗ್ಔಟ್, ಮನಸ್ಸು ಹೋಗೋದು ಸೆಬೆಂಝಾ ಕಡೆ.

ಮರುಮಾರಾಟದ ವಾದಾನೂ ಕೇಳಿ ಸಾಕಾಗಿದೆ. "ಬೇಡ ಅನ್ಸಿದ್ರೆ ಮಾರಬಹುದಲ್ಲ, ಬೆಲೆ ಬಿದ್ದೋಗಲ್ಲ" ಅಂತಾರೆ. ಮಾರೋ ಯೋಚನೆ ತಲೇಲಿ ಇದ್ರೆ ಒಂದು ಗೀರು ಬೀಳದ ಹಾಗೆ ಕಾಪಾಡ್ತಾ ಕೂರ್ತೀವಿ, ಟೇಪ್ ಕುಯ್ಯೋಕೆ ಮತ್ತೆ ಅಡುಗೆಮನೆ ಕತ್ತರೀನೇ ಹುಡುಕ್ತೀವಿ. ಜೊತೆಗೆ ಸೆಬೆಂಝಾದ ನಕಲಿಗಳು ರಾಶಿ ರಾಶಿ ಇವೆ, ಫೋಟೋ ನೋಡಿ ಸೆಕೆಂಡ್ ಹ್ಯಾಂಡ್ ತಗೊಳ್ಳೋಕೆ ನನಗಂತೂ ಧೈರ್ಯ ಇಲ್ಲ. ಕಾನೂನಿನ ತಲೆನೋವು ಬೇರೆ, ಬ್ರಿಟನ್ನಲ್ಲಿ ಲಾಕ್ ಆಗೋ ಚಾಕುವನ್ನ ಸರಿಯಾದ ಕಾರಣ ಇಲ್ಲದೆ ಹೊರಗೆ ಒಯ್ಯೋ ಹಾಗೇ ಇಲ್ಲ, 3 ಇಂಚಿನೊಳಗಿನ ಲಾಕ್ ಇಲ್ಲದ ಮಡಚೋ ಚಾಕು ಮಾತ್ರ ಓಕೆ. ಇರೋ ಊರಿನ ನಿಯಮ ಮೊದ್ಲು ನೋಡ್ಕೊಳ್ಳಿ, ಆಮೇಲೆ ಸ್ಟೀಲ್ ಬಗ್ಗೆ ಜಗಳ ಆಡೋಣ.

ಸದ್ಯಕ್ಕೆ ಡೈಮಂಡ್ ಪ್ಲೇಟ್ ಮಾತ್ರ ತರಿಸ್ತಾ ಇದೀನಿ. ಈಗಿರೋ ಚಾಕುವಿನ ಬಾಯಿಯ ಕೋನ ಒಂದೊಂದು ಕಡೆಗೂ 20 ಡಿಗ್ರಿ ಮೇಲೇ ಇದೆ, ಅದನ್ನ 15ರ ಹತ್ತಿರಕ್ಕೆ ಇಳಿಸಿ ಇದೇ ರಟ್ಟಿನ ಡಬ್ಬಗಳ ಮೇಲೆ ಸ್ವಲ್ಪ ಕಾಲ ಓಡಿಸಿ ನೋಡ್ಬೇಕು. ಅದಾದ್ಮೇಲೂ ಸೆಬೆಂಝಾ ಆಸೆ ಹಾಗೇ ಇದ್ರೆ ಚಿಕ್ಕ ಸೈಜಿಂದೇ, ಎಡಗೈದೇ, ಕೆತ್ತನೆ ಗಿತ್ತನೆ ಏನೂ ಬೇಡ. ಬಲಗೈದು ಸ್ಟಾಕಲ್ಲಿ ಇದೆ ಅಂತ ಅದನ್ನೇ ತಗೊಂಡು ಅಡ್ಜಸ್ಟ್ ಮಾಡ್ಕೊಳ್ಳೋ ಪ್ರಶ್ನೆನೇ ಇಲ್ಲ, ಅಷ್ಟು ದುಡ್ಡು ಕೊಟ್ಟ ಮೇಲೆ ಅಡ್ಜಸ್ಟ್ ನಾನ್ಯಾಕೆ ಆಗ್ಲಿ.