ಅಪ್ಪನ ಒಡ್ಡು, ಮೂರನೇ ಗ್ರೀನು

ಜೂನ್ 4, 2025, ಬುಧವಾರ
ಕುಷ್ಟಗಿ ತಾಲ್ಲೂಕು, ಕೊಪ್ಪಳ ಜಿಲ್ಲೆ

ರಾತ್ರಿ ಹನ್ನೊಂದರ ಸುಮಾರಿಗೆ ಹಿಡಿದ ಮಳೆ ಎರಡು ತಾಸು ಬಿಡದೆ ಹೊಡೆಯಿತು. ‘ರೋಹಿಣಿ ಈ ಸಲ ಕೈ ಬಿಡಲಿಲ್ಲ ನೋಡು’ ಎಂದು ಅಪ್ಪ ಮಗ್ಗಲು ಬದಲಿಸಿ ನಿದ್ದೆ ಹೋದ. ನನಗೆ ಕಣ್ಣು ಹತ್ತಲಿಲ್ಲ. ಹೊಲದಲ್ಲಿ ಕಟ್ಟಿರುವ ಮೂರು ಗಾಲ್ಫ್ ಗ್ರೀನುಗಳ ಮೇಲೆ ಬಿದ್ದ ಮೊದಲ ದೊಡ್ಡ ಮಳೆ ಇದು.

ಬೆಳಕು ಹರಿಯುವ ಮುಂಚೆಯೇ ಬ್ಯಾಟರಿ ಹಿಡಿದು ಹೊರಟೆ. ಬೇಲಿಗೂಟದ ಹತ್ತಿರ ಇಟ್ಟಿದ್ದ ಡಬ್ಬಿಯಲ್ಲಿ ಅಳೆದರೆ 46 ಮಿಲಿಮೀಟರ್.

ಬೆಂಗಳೂರಿನ ಗಾಲ್ಫ್ ಮೈದಾನವೊಂದರಲ್ಲಿ ಮಾಲಿಯಾಗಿ ಸೇರಿ, ಹದಿನಾಲ್ಕು ವರ್ಷ ಹುಲ್ಲಿನ ಜೊತೆಗೇ ಬದುಕಿ ಊರಿಗೆ ಬಂದವನು ನಾನು. ಹದಿನೆಂಟು ಹೋಲಿನ ಕೋರ್ಸಿಗೆ ನೂರರಿಂದ ನೂರೈವತ್ತು ಎಕರೆ ಬೇಕು. ನಮ್ಮದು ಹನ್ನೊಂದು ಎಕರೆ ಮಸಾರಿ ಇಳಿಜಾರು, ಅದರಲ್ಲೂ ಅರ್ಧ ಕಲ್ಲು. ಅದಕ್ಕೇ ಮೂರೇ ಗ್ರೀನು, ಒಂಬತ್ತು ಟೀ ಎಂದು ನಕ್ಷೆ ಹಾಕಿದೆ. ಕುಳಿಯಿರುವ ನುಣ್ಣನೆಯ ಹುಲ್ಲುಹಾಸು ಗ್ರೀನು, ಚೆಂಡಿಗೆ ಮೊದಲ ಪೆಟ್ಟು ಹೊಡೆಯುವ ಜಾಗ ಟೀ, ಒಂದು ಟೀಯಿಂದ ಗ್ರೀನಿನ ಕುಳಿಯವರೆಗಿನ ಆಟ ಒಂದು ಹೋಲು. ಒಂದೊಂದು ಗ್ರೀನಿಗೂ ಮೂರು ದಿಕ್ಕಿನಿಂದ ಹೊಡೆದರೆ ಒಂಬತ್ತು ಹೋಲಿನ ಆಟವಾಗುತ್ತದೆ. ಎಲ್ಲಕ್ಕಿಂತ ಉದ್ದದ್ದು 140 ಗಜ. ಜಮೀನು ಎನ್.ಎ. (ಕೃಷಿಯೇತರ) ಮಾಡಿಸಲು ಅಲೆದದ್ದನ್ನು ಇವತ್ತು ಬರೆಯಲಾರೆ, ಮನಸ್ಸೆಲ್ಲ ಮಳೆಯಲ್ಲಿದೆ.

ಮೊದಲನೇ ಗ್ರೀನಿನ ಮೇಲೆ ಒಂದು ಬೊಗಸೆ ನೀರೂ ನಿಂತಿರಲಿಲ್ಲ. ಅಂಚಿಗೆ ಮೊಣಕಾಲೂರಿ, ಉದ್ದಕ್ಕೆ ಸೀಳಿದ ಪಿವಿಸಿ ಪೈಪಿನ ತುಂಡನ್ನು ಒಂದು ಅಡಿ ಆಳಕ್ಕೆ ಒತ್ತಿ ಮೇಲೆತ್ತಿದೆ. ಉಸುಕು ಪೈಪಿನಲ್ಲಿ ಹಾಗೇ ನಿಂತು ಬಂತು. ಮೇಲಿನ ನಾಲ್ಕು ಬೆರಳಷ್ಟು ಬಣ್ಣ ತಿಳಿ, ಮುಟ್ಟಿದರೆ ಉದುರುತ್ತದೆ. ಕೆಳಗಿಳಿದಂತೆ ಬಣ್ಣ ಗಾಢ, ತುದಿಯಲ್ಲಿ ಒತ್ತಿದರೆ ಬೆರಳ ಸಂದಿಯಿಂದ ನೀರು ಜಿನುಗಿತು. ನಡುವೆ ಕೂದಲಿನಂಥ ಎರಡು ಬಿಳಿ ಬೇರು, ಆಗಲೇ ಮೂರು ಇಂಚು ಇಳಿದಿದ್ದವು. ನಾಟಿ ಮಾಡಿ ಇನ್ನೂ ಮೂರು ವಾರ! ಖುಷಿಗೆ ಅದನ್ನು ಹಿಡಿದುಕೊಂಡು ಸ್ವಲ್ಪ ಹೊತ್ತು ಅಲ್ಲೇ ಕೂತೆ.

ಇದು ಅಮೆರಿಕದ ಗಾಲ್ಫ್ ಸಂಸ್ಥೆ ಯುಎಸ್‌ಜಿಎ 1960ರಲ್ಲಿ ಪ್ರಕಟಿಸಿದ ಪದ್ಧತಿ. ತಳದಲ್ಲಿ ತೂತಿನ ಪೈಪು, ಅದರ ಮೇಲೆ ನಾಲ್ಕು ಇಂಚು ಸಣ್ಣ ಕಡಿ, ಅದರ ಮೇಲೆ ಹನ್ನೆರಡು ಇಂಚು ಉಸುಕು. ದಪ್ಪ ಕಡಿಯ ಮೇಲೆ ಸಣ್ಣ ಉಸುಕು ಕೂತಾಗ ನೀರು ಥಟ್ಟನೆ ಕೆಳಗೆ ಇಳಿಯುವುದಿಲ್ಲ. ಉಸುಕಿನ ತಳ ಪೂರ್ತಿ ತೊಯ್ದು ಭಾರವಾದ ಮೇಲಷ್ಟೇ ಕಡಿಗೆ ಬಿಟ್ಟುಕೊಡುತ್ತದೆ. ಹೆಚ್ಚಾದದ್ದು ಪೈಪಿನಲ್ಲಿ ಹೊರಗೆ, ಬೇರಿಗೆ ಬೇಕಾದದ್ದು ಉಸುಕಿನಲ್ಲೇ. ನಮ್ಮಂಥ ಒಣ ಸೀಮೆಗೆ ಇದಕ್ಕಿಂತ ಒಳ್ಳೆಯ ಉಪಾಯ ನನಗೆ ಗೊತ್ತಿಲ್ಲ. ಒಂದು ಗ್ರೀನು 300 ಚದರ ಮೀಟರ್, ಅಂದರೆ ಒಂದೊಂದಕ್ಕೆ ಮೂವತ್ತೆರಡು ಟ್ರಾಲಿ ಉಸುಕು, ಹನ್ನೊಂದು ಟ್ರಾಲಿ ಕಡಿ. ಎಂ-ಸ್ಯಾಂಡ್ ಅಗ್ಗಕ್ಕೆ ಸಿಗುತ್ತಿತ್ತು. ಅದರ ಪುಡಿ ನೀರಿನ ದಾರಿ ಕಟ್ಟುತ್ತದೆ ಎಂದು ಬೇಡವೆಂದೆ.

ಎರಡನೆಯದೂ ಚೆನ್ನಾಗಿತ್ತು.

ಮೂರನೆಯದನ್ನು ನೋಡಿ ಎದೆ ಧಸಕ್ಕೆಂದಿತು. ಹುಲ್ಲೇ ಕಾಣುತ್ತಿರಲಿಲ್ಲ. ಮೇಲಿನ ಹೊಲದ ನೀರು ನೇರ ಗ್ರೀನಿನ ಮೇಲೆ ಹಾದು, ಅರ್ಧಕ್ಕಿಂತ ಹೆಚ್ಚು ಜಾಗಕ್ಕೆ ಬೆರಳು ದಪ್ಪ ಕೆಂಪು ರಾಡಿ ಹಾಸಿ ಹೋಗಿತ್ತು. ಆ ಹೊಲವನ್ನು ಮೊನ್ನೆಯಷ್ಟೇ ಹರಗಿದ್ದರು, ಮಣ್ಣು ಸಡಿಲವಿತ್ತು. ಆದರೆ ತಪ್ಪು ಆ ಹೊಲದ್ದಲ್ಲ, ನನ್ನದು. ಮಾರ್ಚಿನವರೆಗೂ ಅಲ್ಲೊಂದು ಕಲ್ಲೊಡ್ಡು ಇತ್ತು. ಮೇಲಿನ ಟೀಯಿಂದ ನಿಂತು ನೋಡಿದರೆ ಗ್ರೀನಿನ ಮುಂಭಾಗವನ್ನು ಮರೆಮಾಡುತ್ತಿತ್ತು. ನೋಟ ಕೆಡುತ್ತದೆ ಎಂದು ಜೆಸಿಬಿಯಲ್ಲಿ ಕಿತ್ತೊಗೆಸಿ, ಆ ಕಲ್ಲುಗಳನ್ನು ಟೀಗಳಿಗೆ ಕಟ್ಟೆ ಕಟ್ಟಲು ಬಳಸಿದೆ. ಇಳಿಜಾರು ಎಷ್ಟು ಚೆಂದ ಇಳಿದು ಬರುತ್ತದೆ ಎಂದು ಫೋಟೋ ಕೂಡ ತೆಗೆದಿದ್ದೆ.

ಅಪ್ಪ ಹಿಂದಿನಿಂದ ಬಂದು ನಿಂತಿದ್ದ.

‘ಒಡ್ಡು ಕೀಳಾಕತ್ತಾಗ ಒಂದು ಮಾತು ಹೇಳಬಾರದಿತ್ತೇನಪ್ಪಾ?’

‘ಹೇಳಿದ್ರ ನೀ ಕೇಳ್ತಿದ್ದಿಯೇನು? ಕೈಯಾಗ ನಕ್ಷಾ ಇತ್ತು ನಿಂದು.’ ಸಿಟ್ಟಿರಲಿಲ್ಲ. ಬಗ್ಗಿ ರಾಡಿಯನ್ನು ಹೆಬ್ಬೆರಳಿನಿಂದ ತಿಕ್ಕಿ ನೋಡಿದ. ‘ನಮ್ಮಪ್ಪ ಹಾಕಿದ್ದು ಅದನ್ನ. ಎರಡು ಬ್ಯಾಸಗಿ ಹಿಡೀತು. ಮ್ಯಾಲಿನ ನೀರು ಅಲ್ಲಿಗೆ ಬಂದು, ನಿಂತು, ಮಣ್ಣು ಬಿಟ್ಟು, ಆಮ್ಯಾಲೆ ಕೋಡಿ ಹಾಯ್ದು ಹಳ್ಳಕ್ಕ ಹೋಗ್ತಿತ್ತು.’

ಮಾತು ಹೊರಡಲಿಲ್ಲ. ಲೆವೆಲ್ ಹಾಕಿ ಇಡೀ ಹೊಲದ ಏರು ತಗ್ಗು ಬರೆದುಕೊಂಡವನಿಗೆ, ಆ ಒಡ್ಡು ಅಲ್ಲೇ ಯಾಕಿದೆ ಎಂದು ಕೇಳಬೇಕೆನಿಸಲಿಲ್ಲ.

ಕೂಡಲೇ ಕೆಲಸಕ್ಕೆ ಇಳಿದೆವು. ರಾಡಿ ಒಣಗಿದರೆ ಹೆಪ್ಪುಗಟ್ಟಿ ಹುಲ್ಲಿನ ಉಸಿರು ಕಟ್ಟುತ್ತದೆ. ಮೊದಲೇ ಪೈಪು ಹಿಡಿದು ತೊಳೆದರೆ ಜೇಡಿ ಉಸುಕಿನೊಳಗೆ ಇಳಿದು ಒಂದಡಿ ಕೆಲಸವೂ ಹಾಳು. ಹಸಿ ಇರುವಾಗಲೇ ಹಲಗೆಯಿಂದ ಮೆಲ್ಲಗೆ ಬಳಿದು ಬುಟ್ಟಿಗೆ ತುಂಬಬೇಕು. ಅವ್ವ, ನನ್ನ ಹೆಂಡತಿ, ಕೆಲಸಕ್ಕೆ ಬರುವ ನಾಲ್ವರು ಸಾಲಾಗಿ ಕೂತು ಬಳಿದರು. ಅವ್ವನಿಗೆ ಈ ಹುಲ್ಲಿನ ಮೇಲೆ ಇನ್ನೂ ಅಚ್ಚರಿ ಹೋಗಿಲ್ಲ. ಬೆಂಗಳೂರಿನಿಂದ ಚೀಲ ತಂದು ಬಿಚ್ಚಿದ ದಿನ, ‘ಅಯ್ಯ ಯಪ್ಪಾ, ರೊಕ್ಕಾ ಕೊಟ್ಟು ಕರಿಕಿ ತಂದಿಯೇನು!’ ಎಂದಿದ್ದಳು. ಆಕೆ ಹೇಳಿದ್ದು ದಿಟ. ಗಾಲ್ಫಿನವರು ಬರ್ಮುಡಾ ಎಂದು ಕರೆಯುವುದು ನಾವು ಗಣಪತಿಗೆ ಏರಿಸುವ ಗರಿಕೆಯನ್ನೇ. ನಾನು ತಂದದ್ದು ಅದರ ಗಿಡ್ಡ ಮಿಶ್ರತಳಿ, ಟಿಫ್‌ಡ್ವಾರ್ಫ್. ಅದು ಬೀಜ ಕಟ್ಟುವುದಿಲ್ಲ, ಕಡ್ಡಿ ಊರಿಯೇ ಬೆಳೆಸಬೇಕು. ಐದು ಮಿಲಿಮೀಟರಿಗೆ ಕತ್ತರಿಸಿದರೂ ತಾಳುತ್ತದೆ, ನಮ್ಮ ಬಿಸಿಲಿಗೆ ಹೆದರುವುದಿಲ್ಲ. ಹೊಲದೊಳಗಿನ ಕರಿಕೆ ಕಿತ್ತು ಕಿತ್ತೇ ಅವ್ವನ ಬೆರಳು ಒರಟಾಗಿರುವುದು. ಅದೇ ಬೆರಳುಗಳು ಇವತ್ತು ರಾಡಿಯೊಳಗಿನ ಒಂದೊಂದೇ ಕುಡಿಯನ್ನು ಎತ್ತಿ ನಿಲ್ಲಿಸುತ್ತಿದ್ದವು.

ಮಧ್ಯಾಹ್ನ ರೊಟ್ಟಿ ತಿನ್ನುವಾಗ ಪಕ್ಕದ ಹೊಲದ ಕಾಕಾ ಬಂದ. ಬಂದಾಗಲೆಲ್ಲ ಕೇಳುವುದನ್ನೇ ಕೇಳಿದ: ‘ಕುಡಿಯಾಕ ನೀರಿಲ್ಲದ ಊರಾಗ ಹುಲ್ಲಿಗೆ ನೀರು ಹಾಕ್ತಿಯಲ್ಲೋ ತಮ್ಮಾ?’ ಈ ಪ್ರಶ್ನೆಗೆ ನಾನು ಬೇಸರ ಮಾಡಿಕೊಳ್ಳುವುದಿಲ್ಲ, ಕೇಳಲೇಬೇಕಾದದ್ದು. ಬೇಸಿಗೆಯಲ್ಲಿ ದಿನಕ್ಕೆ ಐದು ಮಿಲಿಮೀಟರ್ ಲೆಕ್ಕ ಹಿಡಿದರೆ ಒಂದು ಎಕರೆ ಹುಲ್ಲಿಗೆ 20 ಸಾವಿರ ಲೀಟರ್ ಬೇಕು. ಹನ್ನೊಂದು ಎಕರೆಗೂ ಹಾಕುತ್ತೇನೆಂದು ಹೊರಟರೆ ನನಗಿಂತ ಪಾಪಿ ಇಲ್ಲ. ಮೂರು ಗ್ರೀನಿಗೆ ಮಾತ್ರವಾದರೆ ದಿನಕ್ಕೆ 4,500 ಲೀಟರ್, ಅದೂ ಬೋರಿನದಲ್ಲ. ಕೆಳಗಿರುವ 21 ಮೀಟರ್ ಅಗಲ ಉದ್ದದ ಕೃಷಿಹೊಂಡ ತುಂಬಿದರೆ ಒಂಬತ್ತು ಲಕ್ಷ ಲೀಟರಿಗೂ ಮೇಲೆ. ಉಳಿದ ಹೊಲ ಮಳೆಗೆ ಹಸಿರು, ಬೇಸಿಗೆಗೆ ಕಂದು. ಅಲ್ಲಿ ಕಾಕಾನ ಕುರಿ ಮೇಯಲಿ. ಸ್ಕಾಟ್ಲೆಂಡಿನ ಕಡಲಂಚಿನ ಹಳೆಯ ಮೈದಾನಗಳಲ್ಲೂ ಯಂತ್ರ ಬರುವ ಮುಂಚೆ ಹುಲ್ಲು ಸವರುತ್ತಿದ್ದದ್ದು ಕುರಿಗಳೇ. ‘ಹಂಗಾದ್ರ ಹಟ್ಟಿ ಇಲ್ಲೇ ನಿಲ್ಲಿಸ್ತೀನಿ’ ಎಂದ. ಹಿಕ್ಕೆ ಸಿಕ್ಕರೆ ನನಗೂ ಗೊಬ್ಬರ.

ಊಟದ ನಂತರ ಅಪ್ಪನನ್ನು ಕರೆದುಕೊಂಡು ಹೋಗಿ, ಒಡ್ಡು ಎಲ್ಲಿಂದ ಎಲ್ಲಿಗಿತ್ತು ತೋರಿಸು ಎಂದೆ. ಹಗ್ಗ ಬೇಡ ಎಂದು ನಡೆಯುತ್ತ ಹೋಗಿ ಏಳು ಕಡೆ ಕಟ್ಟಿಗೆ ನೆಟ್ಟ. ನನ್ನ ನಕ್ಷೆ ತೆಗೆದು ನೋಡಿದೆ. ಏಳೂ ಗೂಟ ಒಂದೇ ಸಮಮಟ್ಟದ ಗೆರೆಯ ಮೇಲೆ ಬಿದ್ದವು.

ಆಗ ನೆನಪಾದದ್ದು ಸ್ಕಾಟ್ಲೆಂಡಿನ ನಾರ್ತ್ ಬರ್ವಿಕ್. ಅಲ್ಲಿಯ 13ನೇ ಹೋಲಿನಲ್ಲಿ ಗ್ರೀನಿನ ಮುಂದೆಯೇ ಹಳೆಯ ಕಲ್ಲುಗೋಡೆ ಅಡ್ಡ ಇದೆ. ಕೆಡವದೆ ಬಿಟ್ಟಿದ್ದಾರೆ, ಆಟಗಾರರು ಚೆಂಡನ್ನು ಅದರ ಮೇಲಿಂದ ಹಾಯಿಸಿ ಹೊಡೆಯುತ್ತಾರೆ. ಪ್ರಪಂಚದ ಗಾಲ್ಫಿನವರು ಹುಡುಕಿಕೊಂಡು ಹೋಗುವ ಹೋಲು ಅದು. ಎಷ್ಟೋ ಸಲ ಚಿತ್ರ ನೋಡಿದ್ದೇನೆ. ನಮ್ಮ ಹೊಲದಲ್ಲೇ ಅಂಥದ್ದು ಇದ್ದಾಗ ಕಣ್ಣಿಗೆ ಬೀಳಲಿಲ್ಲ. ಒಡ್ಡು ಅದೇ ಜಾಗದಲ್ಲಿ, ಮೊಣಕಾಲೆತ್ತರಕ್ಕೆ, ಕೋಡಿ ಸಮೇತ ಮತ್ತೆ ನಿಲ್ಲಬೇಕು. ಟೀಗಳ ಕಟ್ಟೆ ಬಿಚ್ಚಿ ಕಲ್ಲು ವಾಪಸ್ ತರುತ್ತೇನೆ, ಟೀಗೆ ಗರಸು ತುಂಬಿದರೂ ನಡೆಯುತ್ತದೆ.

ಸಂಜೆಯವರೆಗೆ ಮೂವತ್ತೆಂಟು ಕಲ್ಲು ಕೂಡಿಸಿದೆವು. ಯಾವ ಕಲ್ಲಿನ ಯಾವ ಮುಖ ಮೇಲಕ್ಕೆ ಎಂದು ಅಪ್ಪ ಹೇಳಿದ, ನಾನು ಇಟ್ಟೆ. ಗ್ರೀನಿನಿಂದ ಬಳಿದ ಮಣ್ಣು ಬದುವಿನ ಪಕ್ಕ ಗುಡ್ಡೆಯಾಗಿತ್ತು. ಟ್ರಾಲಿಗೆ ತುಂಬಿ ಹಳ್ಳಕ್ಕೆ ಹಾಕಿಸೋಣವೇ ಎಂದರೆ ಅಪ್ಪ ತಿರುಗಿ ನೋಡಿದ.

‘ಗೋಡು ಮಣ್ಣು ಯಾರರ ಚೆಲ್ತಾರೇನು?’

ಕತ್ತಲಾಗುವವರೆಗೆ ಬುಟ್ಟಿಯಲ್ಲಿ ಹೊತ್ತು ನಿಂಬೆ ಗಿಡಗಳ ಬುಡಕ್ಕೆ ಹಾಕುತ್ತಿದ್ದ.