ನಾಯಿ ಜೊತೆ ಹಳ್ಳಿ ಕಡೆ ಹೊರಟವರಿಗೆ: ರೂಮು, ಕಾರು, ಉಣ್ಣಿ

‘ನಾಯಿಗೂ ಅವಕಾಶವಿದೆ’ ಅನ್ನೋ ಒಂದೇ ಸಾಲನ್ನು ನಂಬಿ ರೂಮ್ ಬುಕ್ ಮಾಡಬೇಡಿ. ಎಷ್ಟೋ ಕಡೆ ಅದರ ಅರ್ಥ, ನಾಯಿ ಗೇಟಿನೊಳಗೆ ಬರಬಹುದು, ರಾತ್ರಿ ಮಾತ್ರ ಹಿತ್ತಿಲಲ್ಲಿ ಕಟ್ಟಿರಬೇಕು ಅಂತ. ಇದು ಗೊತ್ತಾಗೋದು ದುಡ್ಡು ಕೊಟ್ಟು, ಸಾಮಾನು ಇಳಿಸಿದ ಮೇಲೆ. ಮನೆಯೊಳಗೆ ಮಲಗಿ ರೂಢಿಯಾದ ನಾಯಿಯನ್ನು ಗುರುತಿಲ್ಲದ ಜಾಗದಲ್ಲಿ ಕಟ್ಟಿದರೆ ರಾತ್ರಿಯಿಡೀ ಬೊಗಳುತ್ತದೆ, ಇಲ್ಲಾ ಹಗ್ಗ ಕಡಿದು ಓಡುತ್ತದೆ. ಇದು ಶುದ್ಧ ಮೋಸ. ತಪ್ಪಿಸಿಕೊಳ್ಳಬೇಕಾದರೆ ಫೋನ್ ಮಾಡಿ ಬಿಡಿಸಿ ಕೇಳಬೇಕು. ನಾಯಿ ನಮ್ಮ ಜೊತೆ ರೂಮಿನೊಳಗೇ ಮಲಗಬಹುದೇ? ಅದಕ್ಕೆ ಬೇರೆ ದುಡ್ಡು ಇದ್ದರೆ ದಿನಕ್ಕೋ, ಒಟ್ಟಿಗೋ? ಅಂಗಳಕ್ಕೆ ಬೇಲಿ ಇದೆಯೇ? ನಿಮ್ಮದೇ ನಾಯಿ ಬಿಟ್ಟಿರುತ್ತೀರಾ? ಕೊನೆಯದನ್ನು ಕೇಳುವವರೇ ಕಡಿಮೆ, ಆದರೆ ಜಗಳ ಶುರುವಾಗೋದು ಅಲ್ಲೇ. ಉತ್ತರವನ್ನು ಮೆಸೇಜಿನಲ್ಲೇ ಹಾಕಿಸಿಕೊಳ್ಳಿ. ಮನೆಯಲ್ಲಿ ಮಲಗೋ ಹಳೆ ಬೆಡ್‌ಶೀಟನ್ನು ಒಗೆಯದೆ ಹಾಗೇ ತನ್ನಿ. ಆ ವಾಸನೆ ಇದ್ದರೆ ಹೊಸ ಜಾಗದಲ್ಲಿ ನಾಯಿ ಬೇಗ ಒಗ್ಗಿಕೊಳ್ಳುತ್ತದೆ.

ಕಾರು ಹತ್ತಿಸುವ ಮೂರು ನಾಲ್ಕು ಗಂಟೆ ಮುಂಚೆಯೇ ಊಟ ಮುಗಿಸಿಬಿಡಿ, ನೀರು ಮಾತ್ರ ಆಗಾಗ ಕೊಡಿ. ಜೊಲ್ಲು ಸುರಿಸುತ್ತಾ ಪದೇಪದೇ ತುಟಿ ನೆಕ್ಕುತ್ತಿದ್ದರೆ ವಾಂತಿ ಬರೋ ಸೂಚನೆ, ತಕ್ಷಣ ನಿಲ್ಲಿಸಿ ಇಳಿಸಿ. ‘ಐದೇ ನಿಮಿಷ’ ಅಂತ ನಿಲ್ಲಿಸಿದ ಕಾರಿನಲ್ಲಿ ನಾಯಿಯನ್ನು ಬಿಟ್ಟು ಹೋಗುವುದು ಮಾತ್ರ ಬೇಡವೇ ಬೇಡ. ಹೊರಗೆ ಬರೀ 24 ಡಿಗ್ರಿ ಇದ್ದರೂ ಬಿಸಿಲಿಗೆ ನಿಂತ ಕಾರಿನೊಳಗೆ ಹತ್ತು ನಿಮಿಷಕ್ಕೆ ಸುಮಾರು 34, ಅರ್ಧ ಗಂಟೆಗೆ 43 ಡಿಗ್ರಿ ಮುಟ್ಟುತ್ತದೆ. ಗಾಜು ಒಂದಿಷ್ಟು ಇಳಿಸಿಟ್ಟರೂ ಹೆಚ್ಚಿನ ವ್ಯತ್ಯಾಸವಾಗಲ್ಲ. ನಾಯಿಗೆ ಮೈಯೆಲ್ಲಾ ಬೆವರುವುದಿಲ್ಲ, ತೇಕುವುದೇ ಅದರ ಫ್ಯಾನು. ಪಗ್, ಬುಲ್‌ಡಾಗ್‌ನಂಥ ಚಪ್ಪಟೆ ಮೂತಿಯವಕ್ಕೆ ಆ ತೇಕೂ ಸರಿಯಾಗಿ ಆಗದು.

ಹಾಗಾಗಿ ನಡಿಗೆ ಬೆಳಿಗ್ಗೆ, ಇಲ್ಲಾ ಸಂಜೆ. ಟಾರು ರಸ್ತೆ ಇದ್ದರೆ ಅಂಗೈಯ ಹಿಂಭಾಗವನ್ನು ಏಳು ಸೆಕೆಂಡು ಅದರ ಮೇಲಿಟ್ಟು ನೋಡಿ. ನಿಮಗೆ ತಡೆಯಲು ಆಗದಿದ್ದರೆ ಅದರ ಪಾದಕ್ಕೂ ಆಗಲ್ಲ. ಹತ್ತು ಕೆಜಿ ನಾಯಿಗೆ ಸುಮ್ಮನೆ ಮನೆಯಲ್ಲಿದ್ದರೂ ದಿನಕ್ಕೆ ಸುಮಾರು ಅರ್ಧ ಲೀಟರ್ ನೀರು ಬೇಕು, ನಡೆದರೆ ಇನ್ನೂ ಹೆಚ್ಚು. ನಿಂತ ಹೊಂಡದ ನೀರು ಕುಡಿಯಲು ಬಿಡಬೇಡಿ, ಇಲಿ ಮೂತ್ರದಿಂದ ಬರುವ ಲೆಪ್ಟೊಸ್ಪೈರೋಸಿಸ್ ರೋಗ ಅಲ್ಲಿಂದ ತಗಲಬಹುದು. ವಸಡು ಕಡುಕೆಂಪಾಗಿ, ನಡಿಗೆ ತೂರಾಡಿದರೆ ಬಿಸಿಲು ಬಡಿದ ಸೂಚನೆ, ನೆರಳಿಗೆ ತಂದು ಮೊದಲು ಮೈಗೆ ತಣ್ಣೀರು ಹೊಯ್ಯಿರಿ, ಗಾಳಿ ಬೀಸಿ, ಆಮೇಲೆ ಡಾಕ್ಟರ ಹತ್ತಿರ ಓಡಿ.

ದನ, ಕುರಿ ಕಂಡ ಕೂಡಲೇ ಬೆಲ್ಟು ಗಿಡ್ಡ ಹಿಡಿಯಿರಿ, ನಿಮ್ಮ ನಾಯಿ ಎಷ್ಟೇ ಸಾಧುವಾಗಿರಲಿ. ಎಳೆಗರು ಇರೋ ಹಸುವಿನಿಂದ ದೂರ ಸುತ್ತಿ ಹೋಗಿ. ಅದು ಮೇಲೆ ಬಂದೇಬಿಟ್ಟರೆ ಬೆಲ್ಟು ಬಿಟ್ಟುಬಿಡಿ. ಹಸುವಿಗೆ ಬೇಕಿರೋದು ನಾಯಿ, ನೀವಲ್ಲ. ನಾಯಿ ಓಡಿ ತಪ್ಪಿಸಿಕೊಳ್ಳುತ್ತದೆ, ನಿಮ್ಮ ಕೈಯಲ್ಲಿ ಆಗದು.

ಊಟಕ್ಕೆ ದೊಡ್ಡ ಹೋಟೆಲ್ ಹುಡುಕಬೇಡಿ. ಹೊರಗೆ ಮರದ ಕೆಳಗೆ ಎರಡು ಬೆಂಚು ಹಾಕಿರೋ ಚಿಕ್ಕ ಜಾಗವೇ ಮೇಲು. ಅಲ್ಲಿ ನಾಯಿ ಕಾಲಡಿ ಮಲಗಬಹುದು, ಕೇಳದೆಯೇ ಯಾರೋ ಒಂದು ಬಟ್ಟಲು ನೀರು ತಂದಿಡುತ್ತಾರೆ, ಪಕ್ಕದಲ್ಲಿ ಕೂತವರು ನಾಯಿಯ ಹೆಸರು ಕೇಳುತ್ತಾರೆ, ಮುಂದೆ ಯಾವ ಕಾಲುದಾರಿ ಕೆಸರಾಗಿದೆ, ಯಾವ ಮನೆ ನಾಯಿ ಜಗಳಗಂಟ ಅಂತ ಅವರೇ ಹೇಳುತ್ತಾರೆ. ಯಾವ ಮ್ಯಾಪಿನಲ್ಲೂ ಸಿಗದ ಮಾಹಿತಿ ಅದು. ಹೀಗೆ ಕೂತ ಒಂದು ಗಂಟೆ ಸುತ್ತಾಟದಷ್ಟೇ ಮುಖ್ಯ, ಅವಸರ ಮಾಡಬೇಡಿ. ಪ್ರೀತಿಯಿಂದ ತಟ್ಟೆಯದ್ದನ್ನು ನಾಯಿಗೆ ಹಾಕಲು ಬಂದರೆ ಮಾತ್ರ ನಯವಾಗಿ ತಡೆಯಿರಿ. ಈರುಳ್ಳಿ, ಬೆಳ್ಳುಳ್ಳಿ ನಾಯಿಯ ರಕ್ತಕಣಗಳನ್ನು ಒಡೆಯುತ್ತವೆ, ಬೇಯಿಸಿದ ಮೂಳೆ ಚೂಪಾಗಿ ಸೀಳಿ ಕರುಳಿಗೆ ಚುಚ್ಚುತ್ತದೆ.

ವಾಪಸ್ ರೂಮಿಗೆ ಬಂದ ಮೇಲೆ ಉಣ್ಣಿ ಹುಡುಕಿ: ಕಿವಿಯೊಳಗೆ, ಕಂಕುಳಲ್ಲಿ, ಬೆರಳ ಸಂದಿಯಲ್ಲಿ, ಕೊರಳ ಬೆಲ್ಟಿನಡಿ. ಸಿಕ್ಕರೆ ಎಣ್ಣೆ ಹಚ್ಚಬೇಡಿ, ಬೆಂಕಿ ತಾಗಿಸಬೇಡಿ. ಸಣ್ಣ ಮೊನೆಯ ಚಿಮಟವನ್ನು ಚರ್ಮಕ್ಕೆ ತಾಗಿಸಿ ಹಿಡಿದು, ತಿರುಚದೆ, ನಿಧಾನಕ್ಕೆ ನೇರ ಎಳೆಯಿರಿ. ಉಣ್ಣಿಯ ಹೊಟ್ಟೆ ಹಿಸುಕಿದರೆ ಅದರೊಳಗಿನ ರೋಗ ನಾಯಿಯ ರಕ್ತಕ್ಕೇ ಸೇರಬಹುದು. ಒಣಹುಲ್ಲಿನ ಮುಳ್ಳುತೆನೆಯೂ ಬೆರಳ ಸಂದಿಗೆ ಹೊಕ್ಕಿ, ಹಿಂದೆ ಬರದೆ ಒಳಗೊಳಗೇ ಸರಿಯುತ್ತದೆ. ಒಂದೇ ಕಾಲನ್ನು ಬಿಡದೆ ನೆಕ್ಕುತ್ತಿದ್ದರೆ ಟಾರ್ಚ್ ಹಿಡಿದು ಆ ಸಂದಿಯನ್ನೇ ಬಿಡಿಸಿ ನೋಡಿ.