ಅರಸಾಳಿನಿಂದ ಆಗುಂಬೆಗೆ: ಒಂದು ದಿನದ ಮಾಲ್ಗುಡಿ ಪ್ರವಾಸ

ಶಿವಮೊಗ್ಗದಿಂದ ಬೆಳಿಗ್ಗೆ ಎಂಟರೊಳಗೆ ಹೊರಟರೆ ‘ಮಾಲ್ಗುಡಿ ಡೇಸ್’ ಧಾರಾವಾಹಿಯ ಎರಡು ಮುಖ್ಯ ಜಾಗಗಳನ್ನು ಒಂದೇ ದಿನದಲ್ಲಿ ನೆಮ್ಮದಿಯಾಗಿ ನೋಡಬಹುದು: ಅರಸಾಳಿನ ರೈಲು ನಿಲ್ದಾಣ ಮತ್ತು ಆಗುಂಬೆಯ ದೊಡ್ಡಮನೆ. ನಾಲ್ಕೈದು ಜನ ಗೆಳೆಯರಿದ್ದರೆ ಡ್ರೈವರ್ ಸಮೇತ ಬಾಡಿಗೆ ಕಾರು ಮಾಡಿಕೊಳ್ಳುವುದೇ ಲೇಸು. ಒಟ್ಟು ಸುತ್ತು 200 ಕಿ.ಮೀ. ಮೀರುತ್ತದೆ, ಹೆಚ್ಚಿನದು ತಿರುವುಗಳ ಮಲೆನಾಡು ರಸ್ತೆ. ಬಸ್ಸಿನಲ್ಲೂ ಹೋಗಬಹುದು, ಆದರೆ ಅರಸಾಳು, ಆಗುಂಬೆ ಎರಡೂ ಒಂದೇ ದಿನಕ್ಕೆ ಸಿಗುವುದು ಕಷ್ಟ.

ಹೊರಡುವ ಮುನ್ನ ಒಂದು ಮಾತು ಸ್ಪಷ್ಟವಿರಲಿ. ಆರ್.ಕೆ. ನಾರಾಯಣ್ ತಮ್ಮ ಕಥೆಗಳಲ್ಲಿ ಬರೆದ ಮಾಲ್ಗುಡಿ ಎಂಬ ಊರು, ಅದರ ಸರಯೂ ನದಿ, ಮೆಂಪಿ ಬೆಟ್ಟ, ಕಬೀರ್ ಬೀದಿ ಎಲ್ಲವೂ ಕಲ್ಪನೆಯವು. ಇಲ್ಲಿ ನೋಡಸಿಗುವುದು 1980ರ ದಶಕದಲ್ಲಿ ಶಂಕರ್‌ನಾಗ್ ದೂರದರ್ಶನಕ್ಕಾಗಿ ತೆರೆಗೆ ತಂದ ಮಾಲ್ಗುಡಿ. ಪುಸ್ತಕ ಮಾತ್ರ ಓದಿದವರು ಶಾಲಾ ಹುಡುಗ ಸ್ವಾಮಿಯ ಕಥೆಯ ಕಂತುಗಳನ್ನಾದರೂ ಮೊದಲೇ ನೋಡಿಕೊಂಡು ಬರಬೇಕು, ಇಲ್ಲದಿದ್ದರೆ ಆಗುಂಬೆ ಅವರಿಗೆ ಬರೀ ಒಂದು ಮಳೆಯೂರು. ಬೀದಿ, ಜಗಲಿ, ಕಂಬ ಚೆನ್ನಾಗಿ ಕಾಣುವ ಏಳೆಂಟು ದೃಶ್ಯಗಳ ಸ್ಕ್ರೀನ್‌ಶಾಟ್ ತೆಗೆದು ಮೊಬೈಲಿನಲ್ಲಿ ಇಟ್ಟುಕೊಳ್ಳಿ. ಅಲ್ಲಿಗೆ ಹೋಗಿ ಯೂಟ್ಯೂಬ್ ತೆಗೆಯುತ್ತೇವೆಂದರೆ ನೆಟ್‌ವರ್ಕ್ ಕೈಕೊಡುತ್ತದೆ.

ಮೊದಲು ಅರಸಾಳು. ಆಯನೂರಿನ ಕಡೆಯಿಂದ ಹೋದರೆ ಒಂದು ಗಂಟೆಯ ದಾರಿ. ತಾಳಗುಪ್ಪ ಮಾರ್ಗದ ಈ ಪುಟ್ಟ ನಿಲ್ದಾಣವೇ ಧಾರಾವಾಹಿಯಲ್ಲಿ ಮಾಲ್ಗುಡಿ ಸ್ಟೇಷನ್ ಆಗಿತ್ತು. ಮೀಟರ್‌ಗೇಜ್ ಕಾಲದ ಹಳೆಯ ಕಟ್ಟಡ ಬಳಕೆ ತಪ್ಪಿ ಹಾಳುಬಿದ್ದಿತ್ತು. ರೈಲ್ವೆ ಇಲಾಖೆ ಅದನ್ನು ದುರಸ್ತಿ ಮಾಡಿ 2020ರಲ್ಲಿ ಮಾಲ್ಗುಡಿ ಮ್ಯೂಸಿಯಂ ಮಾಡಿತು. ಆ ಕೆಲಸ ವಹಿಸಿಕೊಂಡವರು ಧಾರಾವಾಹಿಯ ಕಲಾ ನಿರ್ದೇಶನ ಮಾಡಿದ್ದ ಜಾನ್ ದೇವರಾಜ್ ಅವರೇ ಎಂಬುದು ಬಲು ದೊಡ್ಡ ಸಂಗತಿ. ಹಾಗಾಗಿಯೇ ಇಲ್ಲಿ ಹಳೆಯದರ ಹದ ಕೆಟ್ಟಿಲ್ಲ. ಪಕ್ಕದಲ್ಲೇ ಹಳೆಯ ರೈಲು ಬೋಗಿಯಲ್ಲಿ ಚಹಾದ ಅಂಗಡಿ ಮಾಡಿದ್ದಾರೆ. ಎಲ್ಲ ಸೇರಿ ಒಂದು ಗಂಟೆ ಸಾಕು. ಪ್ಲಾಟ್‌ಫಾರಂ ಈಗಲೂ ಬಳಕೆಯಲ್ಲಿದೆ, ಫೋಟೊ ಹುಚ್ಚಿನಲ್ಲಿ ಹಳಿಗೆ ಇಳಿಯಬೇಡಿ.

ರೈಲಿನಲ್ಲೇ ಬಂದು ಇಳಿಯುವ ಆಸೆ ಹಲವರಿಗಿರುತ್ತದೆ. ಎಲ್ಲ ಗಾಡಿಗಳೂ ಅರಸಾಳಿನಲ್ಲಿ ನಿಲ್ಲುವುದಿಲ್ಲ, ವೇಳಾಪಟ್ಟಿ ನೋಡಿಯೇ ಟಿಕೆಟ್ ಮಾಡಿಸಿ. ಬೆಂಗಳೂರಿನಿಂದ ಬರುವ ರಾತ್ರಿ ರೈಲಿನಲ್ಲಾದರೆ ಶಿವಮೊಗ್ಗದಲ್ಲಿ ಇಳಿದು, ಸ್ನಾನ ತಿಂಡಿ ಮುಗಿಸಿ ಕಾರು ಹತ್ತುವುದು ವಾಸಿ. ಅಷ್ಟು ಬೆಳಿಗ್ಗೆ ಅರಸಾಳಿನಲ್ಲಿ ಇಳಿದರೆ ಮ್ಯೂಸಿಯಂ ಬಾಗಿಲೂ ತೆರೆದಿರುವುದಿಲ್ಲ, ಮುಂದೆ ಹೋಗಲು ಗಾಡಿಯೂ ಸಿಗುವುದಿಲ್ಲ.

ಅರಸಾಳಿನಿಂದ ರಿಪ್ಪನ್‌ಪೇಟೆ, ಹುಂಚದ ಮೇಲೆ ತೀರ್ಥಹಳ್ಳಿಗೆ ಇಳಿಯಿರಿ. ಪೆಟ್ರೋಲ್ ತುಂಬಿಸುವುದು, ಎಟಿಎಂನಿಂದ ನೋಟು ತೆಗೆಯುವುದು ಎರಡನ್ನೂ ತೀರ್ಥಹಳ್ಳಿಯಲ್ಲೇ ಮುಗಿಸಿ. ಆಗುಂಬೆಯಲ್ಲಿ ಕರೆಂಟ್ ಹೋದರೆ ಫೋನ್‌ಪೇ, ಗೂಗಲ್‌ಪೇ ನಂಬಿಕೊಂಡವರು ಪರದಾಡಬೇಕಾಗುತ್ತದೆ.

ತೀರ್ಥಹಳ್ಳಿಯಿಂದ ಆಗುಂಬೆಗೆ ಮೂವತ್ತು ಚಿಲ್ಲರೆ ಕಿ.ಮೀ. ದೊಡ್ಡಮನೆಗೆ ಬಸ್ ನಿಲ್ದಾಣದಿಂದ ನಡೆದೇ ಹೋಗಬಹುದು. ಸ್ವಾಮಿಯ ಮನೆಯಾಗಿ ಲಕ್ಷಾಂತರ ಜನ ನೋಡಿದ್ದು ಇದನ್ನೇ. ಒಳಗೆ ಕಾಲಿಟ್ಟ ಕೂಡಲೇ ನಡುವಿನ ತೆರೆದ ಅಂಗಳ, ಅದರ ಸುತ್ತ ಕೆತ್ತನೆಯ ಮರದ ಕಂಬಗಳು, ಮೇಲಿನಿಂದ ಓರೆಯಾಗಿ ಬೀಳುವ ಬೆಳಕು. ಸ್ಕ್ರೀನ್‌ಶಾಟ್ ಹಿಡಿದು ಒಂದು ಮೂಲೆಯಲ್ಲಿ ನಿಲ್ಲಿ. ಕ್ಯಾಮೆರಾ ಎಲ್ಲಿಟ್ಟಿದ್ದರು ಎಂದು ಕಂಬದ ಲೆಕ್ಕದಲ್ಲೇ ಗೊತ್ತು ಹಚ್ಚಬಹುದು. ಈ ಪ್ರವಾಸದ ಸುಖವೆಲ್ಲ ಇರುವುದು ಇಲ್ಲೇ. ಕನಿಷ್ಠ ಒಂದೂವರೆ ಗಂಟೆ ಮೀಸಲಿಡಿ.

ನೆನಪಿರಲಿ, ಅದು ಜನ ವಾಸಿಸುವ ಮನೆ, ಹೋಟೆಲಲ್ಲ. ಊಟ ಅಥವಾ ವಸತಿ ಬೇಕಿದ್ದರೆ ಒಂದೆರಡು ದಿನ ಮುಂಚೆಯೇ ಫೋನ್ ಮಾಡಿ, ಎಷ್ಟು ಜನ, ಎಷ್ಟು ಹೊತ್ತಿಗೆ ಎಂದು ಹೇಳಬೇಕು. ಹತ್ತು ಜನ ಏಕಾಏಕಿ ಮಧ್ಯಾಹ್ನ ಎರಡಕ್ಕೆ ಬಾಗಿಲಲ್ಲಿ ನಿಂತರೆ ಮನೆಯವರಿಗೆ ಎಷ್ಟು ತೊಂದರೆ ಯೋಚಿಸಿ. ಚಪ್ಪಲಿ ಹೊರಗೆ ಬಿಡಿ, ಕೋಣೆಗಳಿಗೆ ನುಗ್ಗಬೇಡಿ, ಫೋಟೊಗೆ ಮೊದಲು ಕೇಳಿ, ಹೊರಡುವಾಗ ಧಾರಾಳವಾಗಿ ಕೊಟ್ಟು ಬನ್ನಿ. ಇಂಥ ಮನೆಯನ್ನು ಉಳಿಸಿಕೊಳ್ಳುವ ಖರ್ಚು ಸಣ್ಣದಲ್ಲ.

ಆಮೇಲೆ ಬೀದಿಯಲ್ಲಿ ಅಡ್ಡಾಡಿ. ಹೆಂಚಿನ ಮಾಡು, ಜಗಲಿಯ ಹಳೆಯ ಮನೆಗಳು ಇನ್ನೂ ಇವೆ. ಚಿತ್ರೀಕರಣಕ್ಕೆಂದು ಮಾಡಿದ, ಕಥೆಯಲ್ಲಿ ಬರುವ ಬ್ರಿಟಿಷ್ ಅಧಿಕಾರಿ ಲಾಲಿ ದೊರೆಯ ಪ್ರತಿಮೆಯನ್ನು ಹುಡುಕಬೇಡಿ, ಅದು ಈಗ ಅಲ್ಲಿಲ್ಲ. ಸೂರ್ಯಾಸ್ತದ ಜಾಗಕ್ಕೆ ಐದೂವರೆಯೊಳಗೆ ತಲುಪಿದರೆ ಸರಿ. ನವೆಂಬರ್‌ನಿಂದ ಜನವರಿವರೆಗೆ ಆಕಾಶ ತಿಳಿಯಾಗಿರುವ ಸಾಧ್ಯತೆ ಹೆಚ್ಚು. ಮಳೆಗಾಲದಲ್ಲಿ ಮಂಜು ಬಿಟ್ಟು ಬೇರೇನೂ ಕಾಣುವುದಿಲ್ಲ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬರುವವರಿಗೆ ಕೊಡೆಗಿಂತ ರೇನ್‌ಕೋಟ್ ಮೇಲು, ಗಾಳಿಗೆ ಕೊಡೆ ನಿಲ್ಲುವುದಿಲ್ಲ. ಉಂಬಳಕ್ಕೆ (ಜಿಗಣೆಗೆ) ಒಂದು ಪೊಟ್ಟಣ ಉಪ್ಪು ಇರಲಿ. ಉಡುಪಿ ಕಡೆಯಿಂದ ಮಿನಿಬಸ್ ಮಾಡಿಕೊಂಡು ಬರುವ ದೊಡ್ಡ ಗುಂಪು ಆಗುಂಬೆ ಘಾಟಿ ತೆರೆದಿದೆಯೇ ಎಂದು ಹಿಂದಿನ ದಿನವೇ ವಿಚಾರಿಸಬೇಕು. ಮಳೆ ಜೋರಾದರೆ 14 ಹೇರ್‌ಪಿನ್ ತಿರುವುಗಳ ಆ ದಾರಿಯಲ್ಲಿ ದೊಡ್ಡ ವಾಹನಗಳನ್ನು ತಡೆಯುತ್ತಾರೆ.

ಜೋಗವನ್ನೂ ಇದೇ ದಿನಕ್ಕೆ ಸೇರಿಸೋಣ ಎಂದು ಗುಂಪಿನಲ್ಲಿ ಯಾರಾದರೂ ಹೇಳಿಯೇ ಹೇಳುತ್ತಾರೆ. ಒಪ್ಪಬೇಡಿ. ಜೋಗ ಅರಸಾಳಿನಿಂದ ಒಂದು ದಿಕ್ಕಿಗೆ, ಆಗುಂಬೆ ಇನ್ನೊಂದು ದಿಕ್ಕಿಗೆ; ದಿನವೆಲ್ಲ ಕಾರಿನಲ್ಲೇ ಕಳೆಯುತ್ತದೆ. ಕುಪ್ಪಳಿಯ ಕವಿಮನೆ, ಕವಿಶೈಲಕ್ಕೂ ಉಳಿದ ಸಮಯ ಸಾಲದು. ಅದಕ್ಕೆ ತೀರ್ಥಹಳ್ಳಿಯಲ್ಲಿ ರಾತ್ರಿ ಉಳಿದು ಮರುದಿನ ಬೆಳಿಗ್ಗೆ ಹೋಗಿ.